ಯಂತ್ರದ ಉಸಿರಿನಿಂದ ಸ್ವಂತ ಉಸಿರಿನೆಡೆಗೆ

“ನಿಮ್ಮ ಹೆಂಡತಿಯವರನ್ನು ವೆಂಟಿಲೇಟರಿಗೆ ಹಾಕಬೇಕಾಗಿದೆ. ಒಪ್ಪಿಗೆಯಿದ್ದರೆ ಇಲ್ಲಿ ಸಹಿ ಮಾಡಿ.”

2023ರ ಜುಲೈ ತಿಂಗಳ ಒಂದು ರಾತ್ರಿ, ಎರಡು ಗಂಟೆಯ ಹೊತ್ತು. ಉಡುಪಿ ಜಿಲ್ಲೆಯ ದೊಡ್ಡ ಆಸ್ಪತ್ರೆಯೊಂದರ ತೀವ್ರ ನಿಗಾ ಘಟಕದ ಬಾಗಿಲಲ್ಲಿ ನಿಂತು ಯುವ ವೈದ್ಯರೊಬ್ಬರು ಕಾಗದವನ್ನು ಮುಂದೆ ಚಾಚಿದಾಗ, ನನ್ನ ತಂದೆಯವರು ಪೆನ್ನನ್ನು ಕೈಗೆ ತೆಗೆದುಕೊಂಡರೇ ಹೊರತು ಬರೆಯಲಿಲ್ಲ. ನನ್ನ ಕಡೆ ತಿರುಗಿ, “ಯಂತ್ರಕ್ಕೆ ಹಾಕಿದ ಮೇಲೆ ತಿರುಗಿ ಬರುವುದುಂಟೇ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ವೈದ್ಯರು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿದರು: “ಬರಬಹುದು, ಬಾರದೆಯೂ ಇರಬಹುದು. ಆದರೆ ಯಂತ್ರವಿಲ್ಲದೆ ಬೆಳಗಿನವರೆಗೆ ಉಳಿಯುವುದು ಕಷ್ಟ.” ತಂದೆಯವರು ಸಹಿ ಹಾಕಿದರು.

ಅಂದು ತಂದೆಯವರು ಕೇಳಿದ ಪ್ರಶ್ನೆ ಅವರೊಬ್ಬರದಲ್ಲ. ನಮ್ಮ ಕರಾವಳಿಯ ಮನೆಗಳಲ್ಲಿ ‘ಯಂತ್ರಕ್ಕೆ ಹಾಕಿದ್ದಾರಂತೆ’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಕೇಳಿದವರು ಶಿಲುಬೆಯ ಗುರುತು ಮಾಡಿಕೊಂಡು ಸುಮ್ಮನಾಗುತ್ತಾರೆ. ಕೋವಿಡ್ ಹಬ್ಬಿದ 2020 ಮತ್ತು 2021ರ ದಿನಗಳಲ್ಲಿ ಈ ಭೀತಿ ಇನ್ನಷ್ಟು ಆಳಕ್ಕೆ ಇಳಿಯಿತು. ಯಂತ್ರ ಸೇರಿದವರೆಲ್ಲರೂ ಮರಳುವುದಿಲ್ಲವೆಂಬುದು ನಿಜವೇ. ಆದರೆ ಯಾರೂ ಮರಳುವುದಿಲ್ಲವೆಂಬುದು ನಿಜವಲ್ಲ. ಮರಳುವ ದಾರಿ ಹೇಗಿರುತ್ತದೆ, ಅಲ್ಲಿ ರೋಗಿಯ ಪಾಲಿನ ದುಡಿಮೆ ಎಷ್ಟು, ಹೊರಗೆ ಕಾಯುವವರು ಏನನ್ನು ತಪ್ಪಾಗಿ ತಿಳಿಯುತ್ತಾರೆ ಎಂಬುದನ್ನು ನಾವು ಮೂವತ್ತಾರು ದಿನ ಕಲಿತೆವು. ಇನ್ನೊಂದು ಮನೆಯವರು ಅಂತಹುದೇ ಬಾಗಿಲಲ್ಲಿ ನಿಲ್ಲಬೇಕಾದಾಗ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ. ತಾಯಿಯವರ ಒಪ್ಪಿಗೆ ಕೇಳಿದ್ದೇನೆ. ಹೆಸರು ಬೇಡ, ಉಳಿದದ್ದನ್ನೆಲ್ಲ ಬರೆ ಎಂದಿದ್ದಾರೆ.

ನಮ್ಮ ಮನೆ ಕುಮಟಾ ತಾಲೂಕಿನ ಧಾರೇಶ್ವರದಲ್ಲಿ, ಹೆದ್ದಾರಿಗೂ ಕಡಲಿಗೂ ನಡುವೆ. ಧಾರಾನಾಥ ದೇವಾಲಯದಿಂದ ಹೆಸರಾದ ಊರು. ತಾಯಿಯವರಿಗೆ ಆಗ ಅರುವತ್ತಮೂರು ವರ್ಷ. ಮದುವೆಯಾಗಿ ಬಂದಂದಿನಿಂದ ಸೌದೆ, ತೆಂಗಿನ ಮಡಲು, ಕಾಯಿಸಿಪ್ಪೆಯ ಒಲೆಯ ಮುಂದೆ ಕುಳಿತವರು. ಮನೆಗೆ ಗ್ಯಾಸು ಬಂದ ಮೇಲೂ ಅದು ಚಹಾಕ್ಕೆ ಮಾತ್ರ. ಅನ್ನ, ಸಾರು, ಬಚ್ಚಲ ನೀರು ಎಲ್ಲವೂ ಒಲೆಯ ಮೇಲೆಯೇ. ಬೀಡಿ ಸೇದುವವರ ಎದೆ ಹಾಳಾಗುತ್ತದೆಂದು ನಾವು ಬಲ್ಲೆವು. ಮುಚ್ಚಿದ ಅಡುಗೆಮನೆಯ ಹೊಗೆ ನಲವತ್ತು ವರ್ಷ ಕುಡಿದ ಹೆಣ್ಣುಮಕ್ಕಳ ಎದೆಯೂ ಹಾಗೆಯೇ ಹಾಳಾಗುತ್ತದೆಂಬುದನ್ನು ನಾವು ಎಣಿಕೆಗೇ ತಂದುಕೊಂಡಿರಲಿಲ್ಲ. ಮಳೆಗಾಲದಲ್ಲಿ ಅವರಿಗೆ ಕೆಮ್ಮು ಬರುವುದು ಪ್ರತಿವರ್ಷದ ಮಾತಾಗಿತ್ತು.

ಆ ವರ್ಷ ಕೆಮ್ಮಿನ ಜೊತೆ ಜ್ವರವೂ ಬಂತು. ಔಷಧದ ಅಂಗಡಿಯ ಮಾತ್ರೆ ಎರಡು ದಿನ, ಮೆಣಸಿನ ಕಷಾಯ ಎರಡು ದಿನ, ‘ನಾಳೆ ನೋಡೋಣ’ ಎಂಬ ಮಾತು ಮತ್ತೆರಡು ದಿನ. ಕೋವಿಡ್ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ನೋಡುವ ಪುಟ್ಟ ಉಪಕರಣ ಕಪಾಟಿನಲ್ಲಿತ್ತು. ಅದರ ಬ್ಯಾಟರಿ ಮುಗಿದಿತ್ತು, ಹೊಸದು ತರಲು ಯಾರೂ ಹೋಗಲಿಲ್ಲ. ಈ ತಪ್ಪು ಯಾರದೂ ಅಲ್ಲ, ನಮ್ಮದೇ. ಏಳನೆಯ ದಿನ ಸಂಜೆ ತಾಯಿಯವರು ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸಲಾರದೆ ಮಾತಿನ ನಡುವೆ ನಿಲ್ಲತೊಡಗಿದರು, ತುಟಿ ಕಪ್ಪಿಟ್ಟಿತ್ತು. ಪೇಟೆಯ ಆಸ್ಪತ್ರೆಯಲ್ಲಿ ನೋಡಿದಾಗ, 95ರ ಮೇಲಿರಬೇಕಾಗಿದ್ದ ಆಮ್ಲಜನಕದ ಅಂಕ 78. ಎಕ್ಸ್‌ರೇಯಲ್ಲಿ ಎರಡೂ ಶ್ವಾಸಕೋಶಗಳು ಕಪ್ಪಾಗಿ ಕಾಣಬೇಕಾದಲ್ಲಿ ಬಿಳಿಯ ಮೋಡ. ತಡಮಾಡದೆ ದಕ್ಷಿಣಕ್ಕೆ ಒಯ್ಯಿರಿ ಎಂದರು.

ದಕ್ಷಿಣಕ್ಕೆ ಎಂದರೆ ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಉತ್ತರ ಕನ್ನಡದವರಿಗೆ ಈ ದಾರಿಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರವಾರದಲ್ಲಿ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೂ, ಗಂಭೀರ ಸ್ಥಿತಿಯ ರೋಗಿಗಳನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಥವಾ ಗೋವಾಕ್ಕೆ ಒಯ್ಯುವ ಪರಿಪಾಠ ನಿಲ್ಲಲಿಲ್ಲ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂದು 2019ರಲ್ಲಿ ಯುವಜನರು ದೊಡ್ಡ ದನಿಯೆತ್ತಿದರು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಮಳೆಯಲ್ಲಿ ಜಾರಿ ಶಿರೂರು ಟೋಲ್ ನಾಕೆಗೆ ಅಪ್ಪಳಿಸಿ ನಾಲ್ವರು ಮೃತರಾದಾಗ ಆ ದನಿ ಮತ್ತೆ ಎದ್ದಿತು. ಆ ದುರಂತಕ್ಕೆ ಒಂದು ವರ್ಷ ತುಂಬುವ ಹೊತ್ತಿನಲ್ಲಿ, ಅಂತಹುದೇ ಮಳೆಯಲ್ಲಿ, ಅದೇ ನಾಕೆಯನ್ನು ನಡುರಾತ್ರಿ ದಾಟುವಾಗ ಚಾಲಕ ವೇಗ ತಗ್ಗಿಸಿದ. ಯಾರೂ ಮಾತಾಡಲಿಲ್ಲ. ತಂಗಿ ತಾಯಿಯವರ ಮುಖಕ್ಕೆ ಆಮ್ಲಜನಕದ ಮುಖವಾಡವನ್ನು ಒತ್ತಿ ಹಿಡಿದು ಕುಳಿತಿದ್ದಳು.

ವೆಂಟಿಲೇಟರ್ ಎಂಬ ಯಂತ್ರ ರೋಗವನ್ನು ಗುಣಪಡಿಸುವುದಿಲ್ಲ. ಇದನ್ನು ತಿಳಿದುಕೊಳ್ಳಲು ನಮಗೆ ಒಂದು ವಾರ ಬೇಕಾಯಿತು. ಸ್ವಾಭಾವಿಕ ಉಸಿರಾಟದಲ್ಲಿ ಎದೆಗೂ ಹೊಟ್ಟೆಗೂ ನಡುವೆ ಇರುವ ವಪೆಯೆಂಬ ಸ್ನಾಯು ಕೆಳಗಿಳಿದು, ಎದೆ ಹಿಗ್ಗಿ, ಗಾಳಿ ತಾನಾಗಿ ಒಳಗೆ ಸೆಳೆಯಲ್ಪಡುತ್ತದೆ. ಯಂತ್ರವಾದರೋ ಬಾಯಿಂದ ಶ್ವಾಸನಾಳಕ್ಕೆ ಇಳಿಸಿದ ಕೊಳವೆಯ ಮೂಲಕ ಗಾಳಿಯನ್ನು ಒಳಗೆ ತಳ್ಳುತ್ತದೆ. ನ್ಯುಮೋನಿಯಾದಿಂದ ನೀರು ತುಂಬಿ ಕುಸಿದ ಗಾಳಿಗೂಡುಗಳನ್ನು ತೆರೆದಿಟ್ಟು, ಔಷಧಗಳು ಕೆಲಸ ಮಾಡುವವರೆಗೆ ದೇಹಕ್ಕೆ ಸಮಯ ಕೊಡುವುದಷ್ಟೇ ಅದರ ಕೆಲಸ. ತಾಯಿಯವರಿಗೆ ಆಗಿದ್ದುದು ಶ್ವಾಸಕೋಶಗಳೆರಡೂ ಒಟ್ಟಿಗೆ ಕೈಬಿಡುವ ಸ್ಥಿತಿ. 1967ರಲ್ಲಿ ಅಮೆರಿಕದ ವೈದ್ಯರು ಹನ್ನೆರಡು ರೋಗಿಗಳ ವಿವರಗಳೊಡನೆ ಮೊದಲು ವರ್ಣಿಸಿದ ಈ ಸ್ಥಿತಿಯನ್ನು ಇಂದು ಆಸ್ಪತ್ರೆಯವರು ಎಆರ್‌ಡಿಎಸ್ ಎಂದು ಕರೆಯುತ್ತಾರೆ. ಮೊದಲ ಆರು ದಿನ ಅವರನ್ನು ಗಾಢ ನಿದ್ರೆಯಲ್ಲಿಟ್ಟರು. ದಿನಕ್ಕೆ ಹದಿನಾರು ಗಂಟೆ ಬೋರಲಾಗಿ ಮಲಗಿಸಿದರು. ಗಾಜಿನಾಚೆಯಿಂದ ಅದನ್ನು ಕಂಡ ತಂಗಿ ಅತ್ತುಬಿಟ್ಟಳು. ಆದರೆ ಈ ಕ್ರಮದ ಹಿಂದೆ ಗಟ್ಟಿಯಾದ ಆಧಾರವಿದೆ: 2013ರಲ್ಲಿ ಪ್ರಕಟವಾದ ಫ್ರೆಂಚ್ ವೈದ್ಯರ ಅಧ್ಯಯನದಲ್ಲಿ, ಹೀಗೆ ಬೋರಲು ಮಲಗಿಸಿದ ತೀವ್ರ ರೋಗಿಗಳಲ್ಲಿ 28 ದಿನಗಳೊಳಗಿನ ಮರಣದ ಪ್ರಮಾಣ ಶೇ. 33ರಿಂದ ಶೇ. 16ಕ್ಕೆ ಇಳಿದಿತ್ತು.

ಏಳನೆಯ ದಿನ ಸ್ಕ್ಯಾನಿಂಗಿಗಾಗಿ ತಾಯಿಯವರನ್ನು ಬೇರೊಂದು ಅಂತಸ್ತಿಗೆ ಒಯ್ದರು. ಯಂತ್ರವನ್ನು ಕಳಚಿ, ಕೊಳವೆಗೆ ರಬ್ಬರಿನ ಚೀಲವೊಂದನ್ನು ಜೋಡಿಸಿ, ದಾದಿಯೊಬ್ಬರು ನಡೆಯುತ್ತಲೇ ಅದನ್ನು ಹಿಂಡುತ್ತಿದ್ದರು. ಇಪ್ಪತ್ತೈದು ದಾಟದ ಹುಡುಗಿ. ನನ್ನ ತಾಯಿಯ ಉಸಿರು ಆ ಹೊತ್ತು ಆಕೆಯ ಅಂಗೈಯಲ್ಲಿತ್ತು. ತೀವ್ರ ನಿಗಾ ಘಟಕವೆಂಬುದು ಹುಟ್ಟಿದ್ದೇ ಇಂತಹ ಕೈಗಳಿಂದ ಎಂಬುದನ್ನು ಮುಂದೆ ಓದಿ ತಿಳಿದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಉಲ್ಬಣಿಸಿ, ಉಸಿರಾಟದ ಸ್ನಾಯುಗಳು ಸೋತ ರೋಗಿಗಳಲ್ಲಿ ಹೆಚ್ಚಿನವರು ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಕುತ್ತಿಗೆಯಲ್ಲಿ ರಂಧ್ರ ಮಾಡಿಸಿ, ಕೊಳವೆಯಿಟ್ಟು, ಚೀಲವನ್ನು ಕೈಯಿಂದ ಹಿಂಡಿ ಬದುಕಿಸಿದ. ಆ ಬಳಿಕ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲಿರುಳು ರೋಗಿಗಳ ಪಕ್ಕದಲ್ಲಿ ಕುಳಿತು ಚೀಲ ಹಿಂಡಿದರು. ಅಂದು ಆ ವಿದ್ಯಾರ್ಥಿಗಳು ಕೈಯಿಂದ ಮಾಡಿದುದನ್ನೇ ಇಂದು ಯಂತ್ರ ಮಾಡುತ್ತಿದೆ.

ಎಂಟನೆಯ ದಿನ ವೈದ್ಯರು ಹೊಸ ಮಾತೊಂದನ್ನು ಆಡಿದರು. ಆಮ್ಲಜನಕದ ಪ್ರಮಾಣವನ್ನು ನೂರರಿಂದ ನಲವತ್ತಕ್ಕೆ ಇಳಿಸಲಾಗಿದೆ. ಇನ್ನು ಯಂತ್ರವನ್ನು ಬಿಡಿಸುವ ಪ್ರಯತ್ನ ಆರಂಭಿಸಬಹುದು. ಇಂಗ್ಲಿಷಿನಲ್ಲಿ ಅವರು ಬಳಸಿದ ಶಬ್ದ ‘ವೀನಿಂಗ್’. ತಂದೆಯವರಿಗೆ ಅರ್ಥವಾಗದಿದ್ದಾಗ, “ಮಗುವಿಗೆ ಎದೆಹಾಲು ಬಿಡಿಸುತ್ತಾರಲ್ಲ, ಹಾಗೆ” ಎಂದರು. ಮೂರು ಮಕ್ಕಳಿಗೆ ಹಾಲು ಬಿಡಿಸಿದ ತಾಯಿಗೆ ಈಗ ಉಸಿರು ಬಿಡಿಸುವ ಸರದಿ ಎಂದು ತಂಗಿ ನಕ್ಕಳು. ಎಂಟು ದಿನಗಳಲ್ಲಿ ನಮ್ಮಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು.

ಹಾಲು ಬಿಡಿಸುವಂತೆಯೇ ಇದೂ ಒಂದು ದಿನದ ಕೆಲಸವಲ್ಲ. ಬೆಳಿಗ್ಗೆ ನಿದ್ರೆಯ ಔಷಧವನ್ನು ನಿಲ್ಲಿಸುತ್ತಾರೆ. ರೋಗಿ ಕಣ್ತೆರೆದು ಹೇಳಿದ ಮಾತಿಗೆ ಕೈ ಒತ್ತಿ ಉತ್ತರಿಸಿದರೆ, ಯಂತ್ರದ ಸಹಾಯವನ್ನು ತೀರ ಕಡಿಮೆ ಮಾಡಿ, ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ತಾನೇ ಉಸಿರಾಡಲು ಬಿಡುತ್ತಾರೆ. ಉಸಿರು ಮೇಲುಮೇಲಾಗಿ ವೇಗ ಹಿಡಿದರೆ, ಬೆವರಿದರೆ, ಹೃದಯದ ಬಡಿತ ಏರಿದರೆ, ಯಂತ್ರವನ್ನು ಮತ್ತೆ ಮೊದಲಿನಂತೆ ಮಾಡಿ ಆ ದಿನಕ್ಕೆ ವಿಶ್ರಾಂತಿ ಕೊಡುತ್ತಾರೆ. ಮರುದಿನ ಪುನಃ ಪರೀಕ್ಷೆ. ಯಂತ್ರದ ಉಸಿರುಗಳ ಸಂಖ್ಯೆಯನ್ನು ದಿನದಿನವೂ ಇಷ್ಟಿಷ್ಟೇ ಇಳಿಸುತ್ತ ಹೋಗುವ ಹಳೆಯ ಕ್ರಮಕ್ಕಿಂತ, ದಿನಕ್ಕೊಮ್ಮೆ ಹೀಗೆ ಸ್ವಂತ ಉಸಿರಿಗೆ ಬಿಡುವ ಕ್ರಮದಿಂದ ರೋಗಿಗಳು ಸುಮಾರು ಮೂರು ಪಟ್ಟು ಬೇಗ ಯಂತ್ರದಿಂದ ಹೊರಬಂದರೆಂದು 1995ರಲ್ಲಿ ಸ್ಪೇನಿನ ವೈದ್ಯರು ತೋರಿಸಿದ್ದರು.

ಯಂತ್ರದ ಆಸರೆಯಲ್ಲಿ ಸುಖವಾಗಿ ಇರಲಿ ಬಿಡಿ, ಅವಸರವೇಕೆ ಎಂದು ನಮ್ಮ ಸೋದರತ್ತೆ ಕೇಳಿದ್ದುಂಟು. ಅವಸರಕ್ಕೆ ಕಾರಣವಿದೆ. ಕೆಲಸವಿಲ್ಲದ ವಪೆ ಬಹುಬೇಗ ಬಡವಾಗುತ್ತದೆ. ಯಂತ್ರವೇ ಪೂರ್ತಿಯಾಗಿ ಉಸಿರಾಡಿಸಿದ 18ರಿಂದ 69 ಗಂಟೆಗಳೊಳಗೆ ಅದರ ಎಳೆಗಳು ಅರ್ಧಕ್ಕಿಂತ ಹೆಚ್ಚು ಕೃಶವಾಗಿದ್ದವೆಂದು 2008ರ ಅಧ್ಯಯನವೊಂದು ಕಂಡುಕೊಂಡಿತು. ಗಂಟಲಿನ ಕೊಳವೆ ಹೊಸ ಸೋಂಕಿಗೂ ದಾರಿಯಾಗುತ್ತದೆ. ಹಾಗೆಂದು ಬೇಗ ತೆಗೆದರೂ ಅಪಾಯ. ಹತ್ತು ದಿನ ಹಾಸಿಗೆ ಹಿಡಿದವರನ್ನು ಒಮ್ಮೆಲೇ ಗುಡ್ಡ ಹತ್ತಿಸಿದಂತೆ.

ಒಂಬತ್ತನೆಯ ದಿನದ ಮೊದಲ ಪರೀಕ್ಷೆ ಹನ್ನೆರಡು ನಿಮಿಷಕ್ಕೆ ಮುಗಿಯಿತು. ಹತ್ತನೆಯ ದಿನ ಮೂವತ್ತು ನಿಮಿಷ. ಹನ್ನೊಂದನೆಯ ದಿನ ಎರಡು ಗಂಟೆ ತಾಳಿಕೊಂಡರು. ಸಂಜೆ ಕೊಳವೆ ತೆಗೆದರು. ನಾವು ಊರಿಗೆಲ್ಲ ಫೋನ್ ಮಾಡಿದೆವು. ಕುವೈತಿನಲ್ಲಿದ್ದ ತಮ್ಮ ಟಿಕೆಟ್ ರದ್ದುಮಾಡುತ್ತೇನೆಂದ. ಪಕ್ಕದ ಮನೆಯ ಅಕ್ಕ ಧಾರಾನಾಥನಿಗೆ ಹಣ್ಣುಕಾಯಿ ಮಾಡಿಸಿದರು.

ಮರುದಿನ ಮಧ್ಯಾಹ್ನ ಕೊಳವೆ ಮತ್ತೆ ಗಂಟಲಿಗೆ ಇಳಿಯಿತು. ಕಫವನ್ನು ಕೆಮ್ಮಿ ಹೊರಹಾಕುವಷ್ಟು ತ್ರಾಣ ತಾಯಿಯವರಲ್ಲಿ ಇರಲಿಲ್ಲ.

ಆ ಸಂಜೆಯನ್ನು ನೆನೆದರೆ ಇಂದಿಗೂ ಎದೆ ನಡುಗುತ್ತದೆ. ಎಲ್ಲ ಪರೀಕ್ಷೆಗಳಲ್ಲಿ ಉತ್ತೀರ್ಣರಾಗಿ ಕೊಳವೆ ತೆಗೆಸಿಕೊಂಡವರಲ್ಲೂ ಹತ್ತರಲ್ಲಿ ಒಬ್ಬರಿಗಾದರೂ ಅದನ್ನು ಪುನಃ ಹಾಕಬೇಕಾಗುತ್ತದೆಂದು ವೈದ್ಯರು ಮೊದಲೇ ಹೇಳಿದ್ದರು. ನಾವು ಕೇಳಿಸಿಕೊಂಡಿರಲಿಲ್ಲ. ಕೊಳವೆ ತೆಗೆದರೆ ಗುಣವಾಯಿತು, ಮತ್ತೆ ಹಾಕಿದರೆ ಮುಗಿಯಿತು ಎಂಬ ಎರಡೇ ಲೆಕ್ಕ ನಮ್ಮದು. ಎರಡೂ ತಪ್ಪು ಲೆಕ್ಕವೇ.

ಹದಿಮೂರನೆಯ ದಿನ ವೈದ್ಯರು ತಂದೆಯವರನ್ನೂ ನಮ್ಮನ್ನೂ ಕೂರಿಸಿ ಟ್ರೆಕಿಯಾಸ್ಟಮಿಯ ಪ್ರಸ್ತಾಪ ಮಾಡಿದರು. ಕುತ್ತಿಗೆಯ ಮುಂಭಾಗದಲ್ಲಿ ಚಿಕ್ಕ ರಂಧ್ರ ಮಾಡಿ, ಅಲ್ಲಿಂದಲೇ ಶ್ವಾಸನಾಳಕ್ಕೆ ಗಿಡ್ಡ ಕೊಳವೆಯಿಡುವುದು. ಸೋದರತ್ತೆ ಎದ್ದೇ ನಿಂತರು. “ಕುತ್ತಿಗೆ ಕೊಯ್ಯಿಸಿ ಅವಳನ್ನು ಹಿಂಸೆಪಡಿಸಬೇಡಿ. ಹಾಸಿಗೆ ಹಿಡಿದು ನಿಮ್ಮ ಕೈ ಕಾಯುವಂತೆ ಆಗಬಾರದೆಂದು ಅವಳೇ ಹೇಳುತ್ತಿದ್ದಳು. ಮನೆಗೆ ಕರೆದುಕೊಂಡು ಹೋಗೋಣ.” ತಾಯಿಯವರು ಹಾಗೆ ಹೇಳುತ್ತಿದ್ದುದು ನಿಜ. ತಮ್ಮ ಫೋನಿನಲ್ಲಿ, ಎಷ್ಟೇ ಖರ್ಚಾದರೂ ಯಾವುದನ್ನೂ ನಿಲ್ಲಿಸಬಾರದೆಂದು ಕೂಗುತ್ತಿದ್ದ. ತಂದೆಯವರು ಯಾರ ಕಡೆಗೂ ನೋಡದೆ, ಗುರುಗಳನ್ನು ಕರೆಸು ಎಂದರು.

ನಮ್ಮ ಧರ್ಮಕೇಂದ್ರದ ಗುರುಗಳು ಮರುದಿನ ಬೆಳಗಿನ ಬಸ್ಸಿನಲ್ಲಿ ಬಂದರು. ಅವರನ್ನು ಕಂಡೊಡನೆ ಅತ್ತೆಯವರ ಕಣ್ಣಲ್ಲಿ ನೀರು. ಗುರುಗಳು ತೈಲ ತಂದರೆಂದರೆ ಅದು ಕೊನೆಯೆಂದೇ ನಮ್ಮ ಹಿರಿಯರ ನಂಬಿಕೆ. ಗುರುಗಳು ಮೊದಲು ಆ ನಂಬಿಕೆಯನ್ನೇ ತಿದ್ದಿದರು. ‘ಅಂತ್ಯಾಭ್ಯಂಗ’ವೆಂದು ಕರೆಯುತ್ತಿದ್ದುದನ್ನು ‘ರೋಗಿಗಳ ಅಭ್ಯಂಗ’ವೆಂದು ಕರೆಯುವುದೇ ಹೆಚ್ಚು ಸೂಕ್ತ, ಅದು ಮರಣದ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಾದ ಸಂಸ್ಕಾರವಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲೇ ಸಾರಿತು, 1972ರಲ್ಲಿ ಆರನೆಯ ಪೌಲರು ಅದರ ವಿಧಿಯನ್ನು ನವೀಕರಿಸಿದರು. ರೋಗ ಗಂಭೀರವಾದಾಗಲೇ ಕೇಳಿಕೊಳ್ಳಬೇಕಾದ ಬಲ ಅದು. ತಾಯಿಯವರ ಹಣೆಗೂ ಅಂಗೈಗಳಿಗೂ ತೈಲ ಹಚ್ಚುವಾಗ ಅವರು ಎಚ್ಚರವಾಗಿದ್ದರು. ಬೆರಳು ಮಡಚಿ ಶಿಲುಬೆಯ ಗುರುತಿಗೆ ಪ್ರಯತ್ನಿಸಿದರು, ಕೈ ಮೇಲೇಳಲಿಲ್ಲ.

ಹೊರಗೆ ಬಂದು ಗುರುಗಳು ಹೇಳಿದ ಎರಡನೆಯ ಮಾತು ನನಗೆ ಹೊಸದು. ಉಸಿರಾಟದ ಯಂತ್ರದ ವಿಷಯದಲ್ಲಿ ಧರ್ಮಸಭೆ ಏನೆನ್ನುತ್ತದೆಂಬ ಪ್ರಶ್ನೆಯನ್ನು ಆಸ್ಟ್ರಿಯಾದ ಇನ್ಸ್‌ಬ್ರುಕ್ ನಗರದ ಅರಿವಳಿಕೆ ತಜ್ಞ ಬ್ರೂನೋ ಹೈಡ್ ಎಂಬವರು ಹನ್ನೆರಡನೆಯ ಪಿಯುಸ್ ಅವರ ಮುಂದಿಟ್ಟಿದ್ದರಂತೆ. ವಿಶ್ವಗುರುಗಳು 1957ರ ನವೆಂಬರ್ 24ರಂದು ವೈದ್ಯರ ಸಭೆಯಲ್ಲಿ ಅದಕ್ಕೆ ಉತ್ತರಿಸಿದರು. ಜೀವವನ್ನು ಕಾಪಾಡಿಕೊಳ್ಳಲು ಸಾಧಾರಣ ಉಪಾಯಗಳನ್ನು ಬಳಸುವುದು ಕರ್ತವ್ಯ. ರೋಗಿಗಾಗಲಿ ಇತರರಿಗಾಗಲಿ ಅತಿಯಾದ ಹೊರೆಯಾಗುವ ಅಸಾಧಾರಣ ಉಪಾಯಗಳಿಗೆ ಯಾರೂ ಕಟ್ಟುಬಿದ್ದವರಲ್ಲ. ವೈದ್ಯನಾದರೂ ರೋಗಿಯ ಅನುಮತಿಯನ್ನು ಮೀರಿ ನಡೆಯಲಾರ ಎಂಬುದು ಆ ಉತ್ತರದ ಸಾರ. “ಆದ್ದರಿಂದ ಬೇಡವೆಂದರೆ ಪಾಪ ಎಂದು ನಾನು ಹೇಳುವುದಿಲ್ಲ. ಬೇಕೆಂದರೆ ದೇವರ ಚಿತ್ತಕ್ಕೆ ವಿರುದ್ಧವೆಂದೂ ಹೇಳುವುದಿಲ್ಲ. ಇದರಿಂದ ಆಕೆಗೆ ಒಳಿತಾಗುವ ನಿರೀಕ್ಷೆ ಎಷ್ಟು, ಹೊರೆ ಎಷ್ಟು ಎಂದು ವೈದ್ಯರನ್ನು ಕೇಳಿ. ಸಾಧ್ಯವಾದರೆ ಆಕೆಯನ್ನೇ ಕೇಳಿ” ಎಂದರು ಗುರುಗಳು.

ಅವರನ್ನೇ ಕೇಳುವುದೆಂಬುದು ನಮಗಾರಿಗೂ ಹೊಳೆದಿರಲಿಲ್ಲ. ವೈದ್ಯರು ವಿವರಿಸಿದರು: ಶ್ವಾಸಕೋಶ ತಿಳಿಯಾಗುತ್ತಿದೆ, ಸೋತಿರುವುದು ಸ್ನಾಯು. ಈ ರಂಧ್ರ ಯಂತ್ರದಲ್ಲಿ ಉಳಿಸಲಿಕ್ಕಲ್ಲ, ಯಂತ್ರದಿಂದ ಬಿಡಿಸಲಿಕ್ಕೆ. ಕಫ ತೆಗೆಯುವುದು ಸುಲಭ, ನಿದ್ರೆಯ ಔಷಧ ಬೇಡ, ಎದ್ದು ಕೂರಿಸಬಹುದು. ಕೆಲಸ ಮುಗಿದ ಮೇಲೆ ಕೊಳವೆ ತೆಗೆದರೆ ಗಾಯ ತಾನಾಗಿ ಮುಚ್ಚಿಕೊಳ್ಳುತ್ತದೆ. ಎರಡು ವಾರ ನೋಡೋಣ, ಮುನ್ನಡೆ ಇಲ್ಲದಿದ್ದರೆ ಮತ್ತೆ ಕುಳಿತು ಮಾತಾಡೋಣ. ತಂದೆಯವರು ಒಳಗೆ ಹೋಗಿ ತಾಯಿಯವರ ಕಿವಿಯ ಬಳಿ ನಮ್ಮ ಮನೆಮಾತಾದ ಕೊಂಕಣಿಯಲ್ಲಿ ಇಷ್ಟನ್ನೂ ಹೇಳಿದರು. ಒಪ್ಪಿಗೆಯಿದ್ದರೆ ಕೈ ಒತ್ತು ಎಂದರು. ತಾಯಿಯವರು ಒತ್ತಿದರು. ಒಮ್ಮೆಯಲ್ಲ, ಮೂರು ಬಾರಿ.

ಇಲ್ಲಿಂದ ಮುಂದಿನದು ನಿಮಿಷಗಳ ಲೆಕ್ಕ. ಯಂತ್ರ ಕಳಚಿ, ಕುತ್ತಿಗೆಯ ಕೊಳವೆಗೆ ಆಮ್ಲಜನಕವಷ್ಟನ್ನೇ ಕೊಟ್ಟು ಮೊದಲ ದಿನ ಹದಿನೈದು ನಿಮಿಷ, ಮರುದಿನ ಒಂದು ಗಂಟೆ. ಬಳಿಕ ನಾಲ್ಕು. ಒಂದು ದಿನ ಪೂರ್ತಿ ಹಿನ್ನಡೆ, ಹತ್ತೇ ನಿಮಿಷ. ಮತ್ತೆ ಆರು ಗಂಟೆ. ಹಗಲೆಲ್ಲ ಸ್ವಂತ ಉಸಿರು, ರಾತ್ರಿ ಯಂತ್ರ. ಫಿಸಿಯೋಥೆರಪಿಯ ಹುಡುಗ ದಿನಕ್ಕೆ ಎರಡು ಬಾರಿ ಬಂದು ಬೆನ್ನು ತಟ್ಟಿ ಕಫ ಸಡಿಲಿಸುತ್ತಿದ್ದ, ಮಂಚದ ಅಂಚಿನಲ್ಲಿ ಕೂರಿಸುತ್ತಿದ್ದ. ಐದು ನಿಮಿಷ ಕುಳಿತರೆ ಒಂದು ಗದ್ದೆ ನೆಟ್ಟಷ್ಟು ದಣಿವು. ಹೊರಗಿನಿಂದ ನೋಡುವವರಿಗೆ ರೋಗಿ ಮಲಗಿದ್ದಂತೆ ಕಾಣುತ್ತದೆ. ನನ್ನ ತಾಯಿ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ದುಡಿದುದನ್ನು ನಾನು ಬೇರೆಂದೂ ಕಂಡಿಲ್ಲ. ಇಪ್ಪತ್ತನಾಲ್ಕನೆಯ ದಿನ, ಪೂರ್ತಿ ಒಂದು ಹಗಲು ಒಂದು ರಾತ್ರಿ ಯಂತ್ರವಿಲ್ಲದೆ ಕಳೆದರು.

ಕೊಳವೆ ಧ್ವನಿತಂತುಗಳಿಗಿಂತ ಕೆಳಗಿರುವುದರಿಂದ ಮಾತು ಬರುವುದಿಲ್ಲ. ತಂಗಿ ಮಕ್ಕಳ ಪಾಟಿಯನ್ನೂ ಬಳಪವನ್ನೂ ಕೊಟ್ಟಳು. ಮೊದಲೆರಡು ದಿನ ಗೀಚು ಮಾತ್ರ. ಮೂರನೆಯ ದಿನ ಓದಬಹುದಾದ ಮೊದಲ ಶಬ್ದ ಮೂಡಿತು: ಎಮ್ಮೆ. ಹಟ್ಟಿಯ ಎಮ್ಮೆಗೆ ಹುಲ್ಲು ಹಾಕುವವರು ಯಾರೆಂಬ ಚಿಂತೆ. ತಂದೆಯವರು ಆ ಪಾಟಿಯನ್ನು ಒರೆಸಲು ಬಿಡಲಿಲ್ಲ. ತಂಗಿ ಇನ್ನೊಂದನ್ನು ಕೊಂಡು ತರಬೇಕಾಯಿತು.

ಇನ್ನೊಂದು ವಿಷಯವನ್ನು ಹೇಳಲೇಬೇಕು, ಇದರ ಬಗ್ಗೆ ನಮಗಾರೂ ಮುಂಚಿತವಾಗಿ ತಿಳಿಸಿರಲಿಲ್ಲ. ಕುತ್ತಿಗೆಯ ಕೊಳವೆಗೆ ಮಾತಿನ ಕವಾಟ ಜೋಡಿಸಿ, ದನಿ ಬಂದ ದಿನ ತಾಯಿಯವರು ಮೊದಲು ಆಡಿದ್ದು ಜಗಳದ ಮಾತು. ತಮ್ಮನ್ನು ದೋಣಿಯೊಂದರ ತಳದಲ್ಲಿ ಕೈಕಟ್ಟಿ ಹಾಕಿದ್ದರು, ನೀರು ಬಾಯಿಗೆ ನುಗ್ಗುತ್ತಿತ್ತು, ನಾವು ದಡದಲ್ಲಿ ನಿಂತು ನೋಡುತ್ತಿದ್ದೆವು, ಯಾರೂ ಬರಲಿಲ್ಲ ಎಂದು. ಕೊಳವೆ ಕಿತ್ತುಕೊಳ್ಳದಂತೆ ಕೆಲವು ದಿನ ಮಣಿಕಟ್ಟಿಗೆ ಬಟ್ಟೆಯ ಪಟ್ಟಿ ಕಟ್ಟಿದ್ದು ನಿಜ. ಕಾಯಿಲೆ, ಔಷಧ, ನಿದ್ರಾಹೀನತೆ ಸೇರಿ ಅದನ್ನು ದೋಣಿಯನ್ನಾಗಿ ಮಾಡಿದ್ದವು. ತೀವ್ರ ನಿಗಾ ಘಟಕದ ಈ ಭ್ರಮೆ ಬಹಳ ಸಾಮಾನ್ಯವೆಂದೂ, ಅದು ಹುಚ್ಚಲ್ಲವೆಂದೂ ವೈದ್ಯರು ಸಮಾಧಾನ ಹೇಳಿದರು. ವಾದ ಮಾಡಬೇಡಿ, ದಿನ, ವಾರ, ಊರು ನೆನಪಿಸಿ, ಕನ್ನಡಕ ಕೊಡಿ, ಪರಿಚಿತ ದನಿಯಲ್ಲಿ ಮಾತಾಡಿ ಎಂದರು. ತಾಯಿಯವರಿಗೆ ಇಂದಿಗೂ ಆ ದೋಣಿ ನೆನಪಿದೆ. ಅದು ಸುಳ್ಳೆಂದು ಗೊತ್ತು, ಆದರೂ ನೆನಪಿದೆ.

ಮೂವತ್ತೊಂದನೆಯ ದಿನ ಕುತ್ತಿಗೆಯ ಕೊಳವೆಯನ್ನೂ ತೆಗೆದರು. ಮೂವತ್ತಾರನೆಯ ದಿನ ಧಾರೇಶ್ವರಕ್ಕೆ ಕರೆತಂದೆವು. ಮನೆಗೆ ಬಂದವರೆಲ್ಲ ‘ಗುಣವಾಯಿತಲ್ಲ’ ಎಂದರು. ಗುಣವಾಗಿರಲಿಲ್ಲ. ಹತ್ತು ಕಿಲೋ ಇಳಿದಿದ್ದರು. ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದರು. ಇದೂ ಅನಿರೀಕ್ಷಿತವಲ್ಲ: ಎಆರ್‌ಡಿಎಸ್‌ನಿಂದ ಬದುಕುಳಿದವರನ್ನು ಹಿಂಬಾಲಿಸಿ ಕೆನಡಾದ ವೈದ್ಯರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಿಗಾ ಘಟಕದಿಂದ ಹೊರಬರುವಾಗ ಅವರು ತಮ್ಮ ತೂಕದ ಶೇ. 18ರಷ್ಟನ್ನು ಕಳೆದುಕೊಂಡಿದ್ದರು, ಒಂದು ವರ್ಷದೊಳಗೆ ಶ್ವಾಸಕೋಶ ಬಹುಮಟ್ಟಿಗೆ ಸುಧಾರಿಸಿದರೂ ಸ್ನಾಯುಗಳ ನಿತ್ರಾಣ ಉಳಿದಿತ್ತು.

2025ರ ಆರಂಭದಲ್ಲಿ ವಿಶ್ವಗುರು ಫ್ರಾನ್ಸಿಸರು ಎರಡೂ ಶ್ವಾಸಕೋಶಗಳ ನ್ಯುಮೋನಿಯಾದಿಂದ ರೋಮಿನ ಜೆಮೆಲ್ಲಿ ಆಸ್ಪತ್ರೆಗೆ ಸೇರಿದಾಗ ನಮ್ಮ ಮನೆಯಲ್ಲಿ ಆ ಸುದ್ದಿಯನ್ನು ಎಲ್ಲರಿಗಿಂತ ಹೆಚ್ಚು ಅರ್ಥಮಾಡಿಕೊಂಡು ಓದಿದವರು ತಾಯಿ. 1957ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಬಲ ಶ್ವಾಸಕೋಶದ ಒಂದು ಭಾಗವನ್ನೇ ಕಳೆದುಕೊಂಡಿದ್ದವರು ಅವರು. ಗಂಟಲಿಗೆ ಕೊಳವೆ ಇಳಿಸುವ ಸಂದರ್ಭ ಬರಲಿಲ್ಲ. ರಾತ್ರಿ ಮುಖವಾಡದ ಯಂತ್ರ, ಹಗಲು ಮೂಗಿನ ಮೂಲಕ ರಭಸದ ಆಮ್ಲಜನಕ. ಬರಬರುತ್ತ ಎರಡನ್ನೂ ಇಳಿಸುತ್ತ ಬಂದರು. ಪತ್ರಿಕೆಯಲ್ಲಿ ಅದನ್ನು ಓದಿದಾಗಲೆಲ್ಲ ತಾಯಿಯವರು, “ರಾತ್ರಿಯದ್ದು ಬಿಡುವುದೇ ಕಷ್ಟ” ಎನ್ನುತ್ತಿದ್ದರು. ಮೂವತ್ತೆಂಟು ದಿನಗಳ ಬಳಿಕ, ಮಾರ್ಚ್ 23ರಂದು ವಿಶ್ವಗುರುಗಳು ಮರಳಿದರು. ಕನಿಷ್ಠ ಎರಡು ತಿಂಗಳ ವಿಶ್ರಾಂತಿ ಬೇಕೆಂದು ವೈದ್ಯರು ಹೇಳಿದ್ದರು. ಒಂದು ತಿಂಗಳೂ ತುಂಬುವ ಮುನ್ನ, ಏಪ್ರಿಲ್ 21ರಂದು ಪಾರ್ಶ್ವವಾಯುವಿನಿಂದ ನಿಧನರಾದರು. ಅಂದು ತಾಯಿಯವರು ಊಟ ಮಾಡಲಿಲ್ಲ.

ಮನೆಯ ವ್ಯವಸ್ಥೆಯ ಮಾತು ಸ್ವಲ್ಪ. ಮೊದಲ ಮೂರು ತಿಂಗಳು ಗಾಳಿಯಿಂದಲೇ ಆಮ್ಲಜನಕ ಹಿಡಿದುಕೊಡುವ ಯಂತ್ರವನ್ನು ಬಾಡಿಗೆಗೆ ತಂದಿದ್ದೆವು. ಅದು ವಿದ್ಯುತ್ತಿನಿಂದ ನಡೆಯುವಂಥದು. ನಮ್ಮ ಮಳೆಗಾಲದಲ್ಲಿ ವಿದ್ಯುತ್ತನ್ನು ನಂಬಿ ಕೂರಲಾಗದ್ದರಿಂದ ತುಂಬಿದ ಸಿಲಿಂಡರೊಂದು ಪಕ್ಕದಲ್ಲಿ ಇರಲೇಬೇಕು. ಮೂರು ಬಣ್ಣದ ಚೆಂಡುಗಳಿರುವ ಪ್ಲಾಸ್ಟಿಕ್ ಪೆಟ್ಟಿಗೆಯ ನಳಿಗೆಯನ್ನು ಬಾಯಲ್ಲಿಟ್ಟು ಉಸಿರು ಒಳಗೆಳೆಯುವ ವ್ಯಾಯಾಮ ದಿನಕ್ಕೆ ಹಲವು ಬಾರಿ. ಮೊದಲ ಚೆಂಡು ಅಲುಗಲು ಒಂದು ವಾರ ಹಿಡಿಯಿತು. ಮೂರನೆಯದು ಇಂದಿಗೂ ಮೇಲೇಳುವುದಿಲ್ಲ. ಒಲೆಯನ್ನು ತಂದೆಯವರೇ ಕಿತ್ತು ಹಿತ್ತಿಲಿಗೆ ಸಾಗಿಸಿದರು. ಆ ಬಗ್ಗೆ ತಾಯಿಯವರ ಮುನಿಸು ಇನ್ನೂ ಪೂರ್ತಿ ಇಳಿದಿಲ್ಲ, ಗ್ಯಾಸಿನ ಸಾರಿಗೆ ರುಚಿಯಿಲ್ಲವಂತೆ. ಫ್ಲೂ ಲಸಿಕೆಯನ್ನು ವರ್ಷಕ್ಕೊಮ್ಮೆ, ನ್ಯುಮೋನಿಯಾದ ಲಸಿಕೆಯನ್ನು ವೈದ್ಯರು ಹೇಳಿದ ಕ್ರಮದಲ್ಲಿ ಕೊಡಿಸುತ್ತಿದ್ದೇವೆ. ಬೆರಳಿನ ಉಪಕರಣದ ಬ್ಯಾಟರಿಯನ್ನು ತಿಂಗಳಿಗೊಮ್ಮೆ ನೋಡುವ ಹೊಣೆ ತಂಗಿಯ ಮಗನದು. ಖರ್ಚಿನ ವಿಷಯದಲ್ಲಿ ಒಂದೇ ಮಾತು: 2018ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಚೀಟಿಯನ್ನು ಮನೆಯವರೆಲ್ಲರಿಗೂ ಮೊದಲೇ ಮಾಡಿಸಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಪಡಿತರ ಚೀಟಿ ಎಲ್ಲಿದೆಯೆಂದು ಊರಿಗೆ ಫೋನ್ ಮಾಡಿದವರು ನಾವು.

2024ರ ಡಿಸೆಂಬರ್ 3ರಂದು, ಹರಕೆಯಂತೆ, ಚಂದಾವರದ ಸಂತ ಫ್ರಾನ್ಸಿಸ್ ಝೇವಿಯರರ ಹಬ್ಬಕ್ಕೆ ಕರೆದೊಯ್ದೆವು. ಪೂಜೆಯುದ್ದಕ್ಕೂ ಕುರ್ಚಿಯಲ್ಲೇ ಕುಳಿತಿದ್ದರು; ಹಾಡಲಿಲ್ಲ, ತುಟಿ ಮಾತ್ರ ಆಡಿಸಿದರು. ಜನಸಂದಣಿ ಕರಗಿದ ಮೇಲೆ ಹೊರಬಂದು, ಸೆರಗಿನಿಂದ ಕುತ್ತಿಗೆಯ ಗಾಯದ ಗುರುತನ್ನು ಮುಚ್ಚಿಕೊಂಡು, ಸಂತೆಯಲ್ಲಿ ಬಳೆಗೆ ಚೌಕಾಶಿ ಮಾಡಿದರು.

ಈಗ ಮನೆಯಲ್ಲಿ ಸಂಜೆಯ ತೇರ್ಸನ್ನು ಆರಂಭಿಸುವವರು ಅವರೇ. ಎರಡನೆಯ ರಹಸ್ಯ ಮುಗಿಯುವ ಹೊತ್ತಿಗೆ ಉಸಿರು ಕಟ್ಟುತ್ತದೆ. ಆಗ ತಂದೆಯವರು ಜಪಸರವನ್ನು ಅವರ ಕೈಯಿಂದ ತೆಗೆದುಕೊಂಡು ಮೂರನೆಯದನ್ನು ಮುಂದುವರಿಸುತ್ತಾರೆ; ಐದನೆಯದಕ್ಕೆ ತಾಯಿ ಮತ್ತೆ ದನಿಗೂಡಿಸುತ್ತಾರೆ.